“ನಿಮ್ಮಲ್ಲಿ ನಡೆಯುತ್ತಲ್ವಾ, ಮತ್ತೆ ನೀನ್ಯಾಕೆ ಕುಡಿಯಲ್ಲ?”

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕಳಿಸಿ, ನಾನು ನೆಮ್ಮದಿಯಾಗಿ ಗೋಬಿ ಮಂಚೂರಿ ತಿನ್ನುತ್ತೇನೆ.

ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಬೆಂಗಳೂರಿನ ಆಫೀಸಲ್ಲಿ ಹೀಗೆ: “ನೀನು ಕ್ರಿಶ್ಚಿಯನ್ ಅಲ್ವಾ? ನಿಮ್ಮಲ್ಲಿ ನಡೆಯುತ್ತಲ್ವಾ? ಮತ್ತೆ ಯಾಕೆ ಮಗಾ ಬೇಡ?” ಊರಿಗೆ ಹೋದಾಗ, ಚರ್ಚ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹೀಗೆ: “ಬೆಂಗಳೂರಲ್ಲಿ ಫ್ರೆಂಡ್ಸ್ ಎಲ್ಲ ಕುಡಿಯುವವರಂತೆ, ನೀನು ಹೇಗೆ ಸುಧಾರಿಸ್ತಿ ಮಾರಾಯ? ನಮ್ಮ ಯೂತ್‌ನವರಿಗೆ ಎರಡು ಮಾತು ಹೇಳು.”

ಉತ್ತರ ಒಂದೇ. ನನಗೆ ಬೇಡ, ಅದಕ್ಕೆ ಕುಡಿಯುವುದಿಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಇರುವುದು ಹೆಚ್ಚಾಗಿ ಸಿಟ್ಟು.

ಮೊದಲು ಆ “ನಿಮ್ಮಲ್ಲಿ” ಯಾರು ಅಂತ ನೋಡೋಣ. ಕ್ರಿಶ್ಚಿಯನ್ ಅಂದರೆ ನಮ್ಮ ಆಫೀಸಿನವರ ತಲೆಯಲ್ಲಿ ಬರುವುದು ಗೋವಾ, ಗಿಟಾರ್, ಕೈಯಲ್ಲೊಂದು ಗ್ಲಾಸ್. ನಮ್ಮ ಮನೆಯಲ್ಲಿ ಕೊಂಕಣಿ ಮಾತಾಡುವುದಿಲ್ಲ, ತುಳು ಮಾತಾಡುತ್ತೇವೆ ಅಂದರೆ ನಂಬುವುದೇ ಇಲ್ಲ. ನಾವು ಪ್ರೊಟೆಸ್ಟೆಂಟರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಆದ ಸಭೆಯವರು, ಅಂದರೆ ಆ ಚರ್ಚಿನ ಬಳಗದವರು. ಆ ಸಭೆಗೆ ಮೊದಮೊದಲು ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಸಭೆಗೆ ಸೇರಿದ ಮೇಲೆ ಆ ಕೆಲಸ ಬೇಡ ಅಂದರು ಮಿಷನರಿಗಳು. ಬಿಟ್ಟರೆ ಊಟಕ್ಕೇನು? ಜಾತಿಯಿಂದಲೂ ಹೊರಗೆ, ಕಸುಬಿನಿಂದಲೂ ಹೊರಗೆ. ಹೀಗೆ ಬೀದಿಗೆ ಬಿದ್ದವರಿಗೆ ಕೆಲಸ ಕೊಡಬೇಕು ಅಂತಲೇ ನೇಯ್ಗೆಯ ಮಗ್ಗಗಳು ಬಂದವು. ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಅಂತ ಊರೆಲ್ಲ ಹೇಳುತ್ತದಲ್ಲ, ಅದರ ಹಿಂದೆ ಕಳ್ಳಿನ ಮರ ಇಳಿದವರ ಕೈಗಳೂ ಇವೆ. ನಮ್ಮ ಕಡೆಯವರೂ ಹಾಗೆ ಮರ ಇಳಿದವರೇ. ಹೆಂಡದ ಕೆಲಸ ಬಿಟ್ಟು ಅನ್ನಕ್ಕೆ ಪರದಾಡಿದವರ ಮೊಮ್ಮಕ್ಕಳ ಮುಂದೆ “ನಿಮ್ಮಲ್ಲಿ ನಡೆಯುತ್ತಲ್ವಾ” ಅಂದರೆ ನಗು ಬರುವುದಿಲ್ಲವೇ?

ಹಾಗಂತ ನಾನು ಕುಡಿಯದಿರುವುದಕ್ಕೆ ಅಜ್ಜಂದಿರು ಕಾರಣ ಅಲ್ಲ. ನಮ್ಮ ಸಭೆಯಲ್ಲೇ ಕುಡಿಯುವವರು ಬೇಕಾದಷ್ಟು ಇದ್ದಾರೆ. ಯಾರು ಅಂತ ಹೇಳುವುದಿಲ್ಲ, ಮುಂದಿನ ಭಾನುವಾರ ಅವರ ಪಕ್ಕದಲ್ಲೇ ಕೂರಬೇಕು.

ಇನ್ನು ಬೈಬಲ್ ಪಂಡಿತರು. ಇವರು ಇಡೀ ಬೈಬಲ್‌ನಲ್ಲಿ ಒಂದೇ ಕಥೆ ಬಲ್ಲವರು. “ಯೇಸು ನೀರನ್ನೇ ವೈನ್ ಮಾಡಲಿಲ್ವಾ?” ಮಾಡಿದರು, ಕಾನಾ ಊರಿನ ಮದುವೆಯಲ್ಲಿ. ಆರು ಕಲ್ಲಿನ ಬಾನೆಗಳು, ಒಂದೊಂದಕ್ಕೆ ಸುಮಾರು ನೂರು ಲೀಟರ್ ಹಿಡಿಯುವಂಥವು. ಅದು ಬರೀ ಜ್ಯೂಸ್ ಅಂತ ವಾದಿಸುವ ನಮ್ಮವರೂ ಇದ್ದಾರೆ. ನಾನು ವಾದಿಸಲ್ಲ. ಔತಣದ ಪಾರುಪತ್ಯಗಾರ ರುಚಿ ನೋಡಿ, ಒಳ್ಳೆಯದನ್ನು ಇಷ್ಟು ಹೊತ್ತು ಇಟ್ಟುಕೊಂಡಿದ್ದೀಯಲ್ಲ ಅಂತ ಮದುಮಗನನ್ನು ಕೇಳಿದ್ದಾನೆ. ಜ್ಯೂಸಿಗೆ ಯಾರೂ ಹಾಗೆ ಕೇಳುವುದಿಲ್ಲ. ಯೇಸುವಿನ ಸಂದೇಶ ಸಾರಿದ ಪೌಲ ಕೂಡ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದಿದ್ದಾನೆ. ನನ್ನ ಹೊಟ್ಟೆ ಚೆನ್ನಾಗಿದೆ, ಥ್ಯಾಂಕ್ಸ್.

“ಚರ್ಚಲ್ಲೇ ವೈನ್ ಕೊಡ್ತಾರಲ್ಲ?” ಕ್ಯಾಥೊಲಿಕರ ಪೂಜೆಯಲ್ಲಿ ನಿಜವಾದ ವೈನ್. ನಮ್ಮಲ್ಲಿ ಜ್ಯೂಸ್. 1869ರಲ್ಲಿ ಅಮೆರಿಕದ ವೆಲ್ಚ್ ಅನ್ನುವ ಹಲ್ಲಿನ ಡಾಕ್ಟರ್ ಒಬ್ಬರು, ಮೆಥೊಡಿಸ್ಟ್ ಸಭೆಯವರು, ದ್ರಾಕ್ಷಿರಸ ಹುಳಿಯದಂತೆ ಬಿಸಿ ಮಾಡಿ ಇಡುವುದನ್ನು ಕಂಡುಕೊಂಡರು. ಕರ್ತನ ಭೋಜನಕ್ಕೆ, ಅಂದರೆ ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ, ಅಮಲಿಲ್ಲದ ರಸ ಬೇಕು ಅಂತಲೇ ಹಾಗೆ ಮಾಡಿದ್ದು. ನಮ್ಮ ಸಭೆಯಲ್ಲಿ ಅಷ್ಟೆಲ್ಲ ಇಲ್ಲ. ಶನಿವಾರ ಸಂಜೆ ಒಬ್ಬ ಆಂಟಿ ಕಪ್ಪು ದ್ರಾಕ್ಷಿಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ತಣಿದ ಮೇಲೆ ಬಟ್ಟೆಯಲ್ಲಿ ಹಿಂಡುತ್ತಾರೆ. ಅವರ ಬೆರಳ ತುದಿ ಭಾನುವಾರವೂ ನೇರಳೆ ಬಣ್ಣದಲ್ಲೇ ಇರುತ್ತದೆ. ಮರದ ಟ್ರೇಯ ತೂತುಗಳಲ್ಲಿ ಹೆಬ್ಬೆರಳಿನಷ್ಟು ಸಣ್ಣ ಗ್ಲಾಸುಗಳು. ಒಂದು ಗುಟುಕೂ ಪೂರ್ತಿ ಆಗುವುದಿಲ್ಲ. ಆರಾಧನೆ ಮುಗಿದ ಮೇಲೆ ಅವನ್ನು ತೊಳೆಯುವ ಕೆಲಸ ಯೂತ್‌ನವರದ್ದು. ನಾನು ತೊಳೆದಿದ್ದೇನೆ. ಬೆರಳು ಒಳಗೆ ಹೋಗಲ್ಲ, ಬಟ್ಟೆಯ ತುದಿಯನ್ನು ತಿರುಚಿ ತೂರಿಸಬೇಕು. ಅಮಲಿನ ಮಾತು ಬಿಡಿ, ಸೊಂಟ ನೋವು ಬರುತ್ತದೆ.

ಈಗ ಆ ಡಿಸೆಂಬರಿನ ಕಥೆಗೆ ಬರುತ್ತೇನೆ. ಟೀಮ್ ಡಿನ್ನರ್. ಸೀಕ್ರೆಟ್ ಸಾಂಟಾ ಇತ್ತು. ಸಾಂಟಾ ಟೋಪಿಯನ್ನು ಕೇಳದೆಯೇ ನನ್ನ ತಲೆಗೆ ಹಾಕಿದ್ದರು, ಹಬ್ಬ ನನ್ನದಲ್ವಾ. ಆರ್ಡರ್ ತಗೊಳ್ಳುವಾಗ ಒಬ್ಬಳು “ನಮ್ಮನೇಲಿ ನಡೆಯಲ್ಲ” ಅಂದಳು. ಸರಿ, ಮುಂದೆ. ಇನ್ನೊಬ್ಬ ಅಯ್ಯಪ್ಪ ಮಾಲೆ ಹಾಕಿದ್ದ, ಕಪ್ಪು ಬಟ್ಟೆ, ಬರಿಗಾಲು. ಗಿಫ್ಟ್ ಹಂಚುವಷ್ಟು ಹೊತ್ತು ಮಾತ್ರ ಕೂರಲು ಬಂದಿದ್ದ. ಅವನಿಗೆ “ಸ್ವಾಮಿ, ನೀರಾದ್ರೂ ತಗೊಳ್ಳಿ” ಅಂತ ಎಲ್ಲರೂ ಕೈಮುಗಿಯುವುದೊಂದು ಬಾಕಿ. ನಿನ್ನೆವರೆಗೆ ಅವನನ್ನು ಲೋ ಅನ್ನುತ್ತಿದ್ದವರೇ. ಅದು ಸರಿಯೇ, ನಾನೂ ಅವನಿಗೆ ಜಾಗ ಬಿಟ್ಟು ಕೂತಿದ್ದೆ.

ನನ್ನ ಸರದಿ ಬಂತು. “ನನಗೆ ಲೈಮ್ ಸೋಡಾ” ಅಂದೆ. ಟೇಬಲ್ ಪೂರ್ತಿ ಹೋ ಅಂತ ನಕ್ಕಿತು. “ನಿನ್ನ ಹಬ್ಬಕ್ಕೆ ನೀನೇ ಕುಡಿಯಲ್ಲ ಅಂದ್ರೆ ಹೇಗೋ?” “ಪಾಸ್ಟರ್ ಬೈತಾರಾ?” “ಒಂದು ಸಿಪ್, ನನಗೋಸ್ಕರ.” ನನ್ನ ಮುಂದೆ ರಮ್ ಮತ್ತು ಕೋಕ್ ಬಂದು ಕೂತಿತು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡಲು ಶುರು ಮಾಡಿದ. ನಾನು ಗ್ಲಾಸನ್ನು ಪಕ್ಕಕ್ಕೆ ಸರಿಸಿದರೆ ಅದು ಮತ್ತೆ ತಿರುಗಿ ಬರುತ್ತಿತ್ತು.

ನನಗೆ ಹತ್ತಿದ ಉರಿ ಇದು. ಮನೆಯವರು ಬೇಡ ಅಂದರೆ ಒಪ್ಪುತ್ತಾರೆ. ಜಾತಿ ಬೇಡ ಅಂದರೆ ಒಪ್ಪುತ್ತಾರೆ. ವ್ರತ, ಡಾಕ್ಟರ್, ಆಂಟಿಬಯೋಟಿಕ್ ಮಾತ್ರೆ, ಎಲ್ಲಕ್ಕೂ ಮಾಫಿ. ಒಬ್ಬ ಮನುಷ್ಯ ತಾನೇ ಯೋಚಿಸಿ ಬೇಡ ಅಂದರೆ ಮಾತ್ರ ಅದು ಚರ್ಚೆಯ ವಿಷಯ. ನಮ್ಮ ಸಮುದಾಯಕ್ಕೆ ಕುಡಿಯದವರು ಅನ್ನೋ ಹೆಸರಿಲ್ಲ, ಹಾಗಾಗಿ ನನ್ನ ಹಿಂದೆ ನಿಲ್ಲಲು ಯಾರೂ ಇಲ್ಲ. ಒಂದು ಸುಳ್ಳು ಮಾತ್ರೆಯ ಹೆಸರು ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಸುಳ್ಳು ಹೇಳಿ ಪಾರಾಗುವುದಾದರೆ ಭಾನುವಾರ ಬೆಳಿಗ್ಗೆ ಎದ್ದು ಚರ್ಚಿಗೆ ಯಾಕೆ ಹೋಗಬೇಕು, ನಿದ್ದೆಯಾದರೂ ಮಾಡಬಹುದಲ್ಲ.

ಕಾರಣ ಬೇಕೇ ಬೇಕು ಅನ್ನುವವರಿಗೆ: ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೇ ಅಧ್ಯಾಯ. ಎಲ್ಲದಕ್ಕೂ ನನಗೆ ಸ್ವಾತಂತ್ರ್ಯ ಇದೆ, ಆದರೆ ಯಾವುದರ ಕೈಗೂ ನಾನು ಸಿಕ್ಕಲಾರೆ ಅನ್ನುವ ಅರ್ಥದ ಮಾತು ಅಲ್ಲಿದೆ. ನನಗೆ ಹಿಡಿಸಿದ್ದು ಅದು. ರಮ್ಮಿನ ಕೈಗೆ ಸಿಕ್ಕುವ ಭಯ ನನಗೆ ಅಷ್ಟಿಲ್ಲ. ಮೊಬೈಲ್ ಹಿಡಿದು ಎದುರಿಗೆ ನಿಂತವನ ಕೈಗೆ ಸಿಕ್ಕುವುದು ಬೇಡ.

ಚರ್ಚಿನ ಕಡೆಯವರೇ, ನಗಬೇಡಿ, ನಿಮ್ಮ ಸರದಿ. ನಮ್ಮಲ್ಲಿ ಒತ್ತಾಯವೇ ಇಲ್ಲ ಅನ್ನೋ ಹಾಗೆ ಕೇಳುತ್ತೀರಲ್ಲ. ಯೂತ್ ಕ್ಯಾಂಪಿನ ಕೊನೆಯ ರಾತ್ರಿ ನೆನಪಿದೆಯಾ? ಲೈಟ್ ಕಮ್ಮಿ, ಕೀಬೋರ್ಡ್ ಮೆಲ್ಲಗೆ. “ಎಲ್ಲರೂ ಕಣ್ಣು ಮುಚ್ಚಿ. ಯಾರಿಗೆ ಜೀವನ ಒಪ್ಪಿಸಬೇಕು ಅನಿಸುತ್ತದೋ ಅವರು ಕೈ ಎತ್ತಿ.” ಒಬ್ಬ ಎತ್ತಿದ, ಸಾಲೆಲ್ಲ ಎತ್ತಿತು. ಪಕ್ಕದವನು ನನ್ನ ಮೊಣಕೈಗೆ ತಿವಿದ. ಕಣ್ಣು ಮುಚ್ಚಿದ್ದವನಿಗೆ ನನ್ನ ಕೈ ಕೆಳಗಿದೆ ಅಂತ ಹೇಗೆ ಗೊತ್ತಾಯಿತೋ! ನನಗೆ ಆ ಹೊತ್ತಿಗೆ ಹಾಗೆ ಅನಿಸಿರಲಿಲ್ಲ, ಎತ್ತಲಿಲ್ಲ. ಆಮೇಲೆ ಇಬ್ಬರು ಆಂಟಿಯರು ನನ್ನ ತಲೆ ಮೇಲೆ ಕೈಯಿಟ್ಟು ತುಂಬ ಹೊತ್ತು ಪ್ರಾರ್ಥನೆ ಮಾಡಿದರು. ಆ ರಾತ್ರಿ ನಾನು ಹೇಗೆ ಸುಧಾರಿಸಿದೆ ಅಂತ ಯಾರೂ ಕೇಳಿಲ್ಲ.

ಯೂತ್‌ಗೆ ಇಂಥ ವಿಷಯ ಹೇಳುವಾಗ ದಾನಿಯೇಲನ ಕಥೆ ಬಂದೇ ಬರುತ್ತದೆ. ಬಾಬೆಲಿನ ಅರಮನೆಯಲ್ಲಿ ರಾಜನ ಊಟ, ದ್ರಾಕ್ಷಾರಸ ಬೇಡ ಅಂದ ಹುಡುಗ. ಒಂಟಿಯಾಗಿ ನಿಂತ ವೀರ ಅನ್ನೋ ಹಾಗೆ ಹೇಳುತ್ತಾರೆ. ಮೊದಲನೇ ಅಧ್ಯಾಯ ತೆರೆದು ನೋಡಿ. ಒಂಟಿ ಎಲ್ಲಿ? ಜೊತೆಗೆ ಮೂವರು ಗೆಳೆಯರಿದ್ದರು. ಅವನು ಟೇಬಲ್ ಗುದ್ದಿ ಭಾಷಣವನ್ನೂ ಮಾಡಲಿಲ್ಲ. ಅಧಿಕಾರಿಯನ್ನು ಮೆಲ್ಲಗೆ ಕೇಳಿಕೊಂಡ: ಹತ್ತು ದಿನ ನಮಗೆ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂತ. ಬಾಬೆಲಿನವರು ಇಟ್ಟ ಬೇಲ್ತೆಶಚ್ಚರ್ ಅನ್ನೋ ಹೆಸರಿಗೆ ತಕರಾರು ಮಾಡಲಿಲ್ಲ. ಅವರ ಭಾಷೆ ಕಲಿತ, ಅವರ ಪುಸ್ತಕ ಓದಿದ, ಅವರ ಕೆಲಸ ಮಾಡಿದ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಅಂತ ಲೆಕ್ಕ ಹಾಕಿ ಒಂದು ಕಡೆ ಗೆರೆ ಎಳೆದ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಬೇಕಾಗಿರುವುದು ಈ ಭಾಗ. ಇದನ್ನು ಬಿಟ್ಟು, ಮುಂದೆ ಅವನನ್ನು ಎಸೆದ ಸಿಂಹದ ಗವಿಯ ಕಥೆಗೆ ಓಡುತ್ತಾರೆ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. “ಆವತ್ತು ನಿನ್ನ ಜೊತೆ ಯಾರಿದ್ದರು?” ಒಬ್ಬನಿದ್ದ. ಕಲಬುರಗಿ ಕಡೆಯವನು, ನಮ್ಮ ಧರ್ಮದವನಲ್ಲ, ಮಾಮೂಲಾಗಿ ಕುಡಿಯುವವನು. ಆ ಗ್ಲಾಸ್ ನನ್ನ ಹತ್ತಿರ ಮತ್ತೆ ಬಂದಾಗ ಅದನ್ನೆತ್ತಿ ತನ್ನ ಮುಂದೆ ಇಟ್ಟುಕೊಂಡ. ವೇಟರನ್ನು ಕರೆದು “ಎರಡು ಲೈಮ್ ಸೋಡಾ, ಒಂದು ಉಪ್ಪು, ಒಂದು ಸಕ್ರಿ” ಅಂದ. “ಏನ್ ನೋಡ್ಲತ್ತೀರಿ, ತಿನ್ರಿ” ಅಂತ ಎಲ್ಲರಿಗೂ ಹೇಳಿ ಕಬಾಬ್ ಪ್ಲೇಟ್ ತಳ್ಳಿದ. ವಿಡಿಯೋದವನು ಮೊಬೈಲ್ ಕೆಳಗಿಟ್ಟ. ಯಾಕೆ ಕುಡಿಯಲ್ಲ ಅಂತ ಆ ಕಲಬುರಗಿಯವನು ಇವತ್ತಿಗೂ ನನ್ನನ್ನು ಕೇಳಿಲ್ಲ.

ಮಂಗಳೂರಿನ ನನ್ನ ಕ್ಯಾಥೊಲಿಕ್ ಗೆಳೆಯನ ಅಜ್ಜಿಯೂ ಹಾಗೆಯೇ. ಕ್ರಿಸ್ಮಸ್ಸಿಗೆ ಭರಣಿಯಲ್ಲಿ ತಾವೇ ದ್ರಾಕ್ಷಿ ವೈನ್ ಮಾಡುತ್ತಾರೆ, ಅದರ ಬಗ್ಗೆ ಬಹಳ ಹೆಮ್ಮೆ. ನಾನು ಬೇಡ ಅಂದಾಗ “ಬೇಡ್ವಾ? ಆಯ್ತು, ನೆವ್ರಿ ತಿನ್ನು” ಅಂದರು. ನೆವ್ರಿ ಅಂದರೆ ಕರ್ಜಿಕಾಯಿಯಂಥ ಸಿಹಿ. ತಟ್ಟೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳನ್ನು ಬಡಿಸಿದರು, ಮತ್ತೆ ಬಡಿಸಿದರು. ಆ ಒತ್ತಾಯಕ್ಕೆ ಮಾತ್ರ ನಾನು ಎದುರು ನಿಲ್ಲಲಾರೆ.

ಯೂತ್‌ನವರಿಗೆ ಎರಡು ಮಾತು ಹೇಳು ಅಂದಿರಿ, ಹೇಳುತ್ತೇನೆ. ಆರ್ಡರ್ ಮಾಡುವಾಗ ಮೊದಲು ನೀವೇ ಬಾಯಿ ಬಿಡಿ, ಕೊನೆಯವರಾದರೆ ಎಲ್ಲರ ಕಣ್ಣೂ ನಿಮ್ಮ ಮೇಲೆ. ಕುಡಿಯುವವರ ಮುಂದೆ ಮುಖ ಗಂಟು ಹಾಕಿ ಕೂರಬೇಡಿ, ಅವರು ನಿಮ್ಮ ಶತ್ರುಗಳಲ್ಲ. ಒಂದೇ ಕಥೆ ಮೂರನೇ ಸಲ ಶುರುವಾದರೆ ಕ್ಯಾಬ್ ಬುಕ್ ಮಾಡಿ. ಮತ್ತೆ ಬಿಲ್ ಬಂದಾಗ “ಸಮ ಸಮ ಹಂಚೋಣ” ಅಂತ ಒಬ್ಬ ಹೇಳುತ್ತಾನೆ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಆಗ ತಲೆ ಅಲ್ಲಾಡಿಸಬೇಡಿ. ಎರಡು ಲೈಮ್ ಸೋಡಾ, ಒಂದು ಗೋಬಿ. ಅಷ್ಟನ್ನೇ ಕಳಿಸಿ.