ಇ-ಬೈಕ್ ಮೀಟರ್ ಸುಳ್ಳು ಹೇಳುವುದು ಎಲ್ಲಿಂದ: ಶಂಟ್, ಎರಡು ಸಣ್ಣ ತಂತಿ ಮತ್ತು ಒಂದು ಅಯಸ್ಕಾಂತ

ಇ-ಬೈಕ್‌ಗೆ ಪವರ್ ಮತ್ತು ಸ್ಪೀಡ್ ಮೀಟರ್ ಕೂರಿಸುವಾಗ ಹೆಚ್ಚಿನ ಹೊತ್ತು ಹೋಗುವುದು ಹ್ಯಾಂಡಲ್ ಮೇಲಿನ ಡಿಸ್‌ಪ್ಲೇಗೆ ಜಾಗ ಹುಡುಕುವುದರಲ್ಲಿ. ಆದರೆ ಮೀಟರ್ ನಿಜ ಹೇಳುತ್ತದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಕೆಳಗೆ, ಬ್ಯಾಟರಿಗೂ ಮೋಟರ್‌ಗೆ ಕರೆಂಟ್ ಹಂಚುವ ಕಂಟ್ರೋಲರ್‌ಗೂ ನಡುವಿನ ಒಂದು ಗೇಣು ಜಾಗದಲ್ಲಿ. ಮೀಟರ್ ತಪ್ಪು ತೋರಿಸಿದರೆ ಮೀಟರೇ ಇಲ್ಲದ್ದಕ್ಕಿಂತ ತೊಂದರೆ ಹೆಚ್ಚು. ಸವಾರರು ಆ ಅಂಕಿಯನ್ನು ನಂಬಿ ದೂರ ಹೊರಡುತ್ತಾರೆ.

ಆ ಗೇಣು ಜಾಗದಲ್ಲಿ ಕೂರುವುದು ಶಂಟ್. ಅದು ತೀರಾ ಕಡಿಮೆ ರೋಧದ ಲೋಹದ ಪಟ್ಟಿ. ಮೈನಸ್ ತಂತಿಯನ್ನು ಕತ್ತರಿಸಿ ನಡುವೆ ಸೇರಿಸುತ್ತೇವೆ. 1 ಮಿಲಿಓಮ್ ಶಂಟ್‌ನಲ್ಲಿ 20 ಆಂಪಿಯರ್ ಹರಿದರೆ ಎರಡು ತುದಿಗಳ ನಡುವೆ 20 ಮಿಲಿವೋಲ್ಟ್ ಸಿಗುತ್ತದೆ. ಮೀಟರ್ ಅಳೆಯುವುದು ಇಷ್ಟನ್ನೇ. ಅದರಿಂದ ಕರೆಂಟ್ ಲೆಕ್ಕ ಹಾಕಿ, ವೋಲ್ಟೇಜ್‌ನಿಂದ ಗುಣಿಸಿ ವ್ಯಾಟ್ ತೋರಿಸುತ್ತದೆ. 40 ಆಂಪಿಯರ್ ಹರಿದಾಗ ಶಂಟ್‌ನಲ್ಲಿ ಶಾಖವಾಗಿ ಹೋಗುವುದು 1.6 ವ್ಯಾಟ್ ಮಾತ್ರ. ಹಾಗೆಂದು ಅದನ್ನು ಫೋಮ್‌ನಲ್ಲಿ ಸುತ್ತಿಡಬಾರದು, ಸ್ವಲ್ಪ ಗಾಳಿಯಾಡಬೇಕು. ಕೆಲವು ಶಂಟ್‌ಗಳ ಮೇಲೆ ಮಿಲಿಓಮ್ ಬದಲು '50 ಆಂಪಿಯರ್, 75 ಮಿಲಿವೋಲ್ಟ್' ಎಂದಿರುತ್ತದೆ. ಅಂದರೆ 1.5 ಮಿಲಿಓಮ್. '100 ಆಂಪಿಯರ್, 75 ಮಿಲಿವೋಲ್ಟ್' ಎಂದಿದ್ದರೆ 0.75. ಮೀಟರ್‌ನ ಸೆಟಪ್‌ನಲ್ಲಿ ಶಂಟ್‌ನ ರೋಧ ತುಂಬುವಾಗ ಇವುಗಳನ್ನು ಅದಲುಬದಲು ಮಾಡಿದರೆ ವ್ಯಾಟ್ ದುಪ್ಪಟ್ಟಾಗುತ್ತದೆ ಇಲ್ಲವೇ ಅರ್ಧಕ್ಕಿಳಿಯುತ್ತದೆ.

ಶಂಟ್‌ನಿಂದ ಮೀಟರ್‌ಗೆ ಹೋಗುವ ಎರಡು ಸಣ್ಣ ಸೆನ್ಸ್ ತಂತಿಗಳನ್ನು ಎಲ್ಲಿ ಬೆಸೆಯುತ್ತೇವೆ ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ಅವು ಶಂಟ್‌ನ ಮೈಮೇಲೇ ಕೂರಬೇಕು, ದಪ್ಪ ತಂತಿಯ ಮೇಲಲ್ಲ. ಕಾರಣಕ್ಕೆ ಲೆಕ್ಕ ನೋಡಿ. 4 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಒಂದು ಮೀಟರ್ ಉದ್ದಕ್ಕೆ ಸುಮಾರು 4.3 ಮಿಲಿಓಮ್. ಸುಲಭವಾಯಿತು ಎಂದು ಎರಡೂ ಕಡೆ 3 ಸೆಂಟಿಮೀಟರ್ ದೂರದಲ್ಲಿ ದಪ್ಪ ತಂತಿಯ ಸಿಪ್ಪೆ ಸುಲಿದು ಬೆಸೆದರೆ, ಮಧ್ಯೆ ಬಂದ 6 ಸೆಂಟಿಮೀಟರ್ ತಾಮ್ರದಿಂದ 0.26 ಮಿಲಿಓಮ್ ಸೇರಿಕೊಳ್ಳುತ್ತದೆ. 1 ಮಿಲಿಓಮ್ ಶಂಟ್ ಈಗ 1.26 ಆಯಿತು. ನಿಜವಾಗಿ 1000 ವ್ಯಾಟ್ ಹರಿಯುವಾಗ ಮೀಟರ್ 1260 ಎನ್ನುತ್ತದೆ. 'ಸೆಟಪ್‌ನಲ್ಲಿ 1.26 ಎಂದು ಹಾಕಿದರೆ ಮುಗಿಯಿತಲ್ಲ' ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಶಂಟ್‌ನ ಮಿಶ್ರಲೋಹದ ರೋಧ ಬಿಸಿಯಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ತಾಮ್ರದ್ದು ಹಾಗಲ್ಲ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ. ಬೆಳಿಗ್ಗೆ ಸರಿಯಿದ್ದ ಮೀಟರ್ ಏರು ಹತ್ತಿದ ಮೇಲೆ ಬೇರೆಯದೇ ಹೇಳುತ್ತದೆ.

ಬೆಸುಗೆಯ ಕ್ರಮವೂ ಮುಖ್ಯ. ಬಿಸಿಗೆ ಕುಗ್ಗಿ ಕೀಲಿಗೆ ಕವಚವಾಗುವ ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ತಂತಿಗೆ ತೂರಿಸಿಡಿ. ದಪ್ಪ ತಂತಿ ಶಾಖ ಹೀರುತ್ತದೆ, ಹಾಗಾಗಿ 80 ವ್ಯಾಟ್ ಅಥವಾ ಹೆಚ್ಚಿನ ಐರನ್ ಬೇಕು. ಸಣ್ಣ ಐರನ್‌ನಿಂದ ಮಾಡಿದ ಕೀಲು ಹೊರಗೆ ಮಿನುಗಿದರೂ ಒಳಗೆ ಸೀಸ ಇಳಿದಿರುವುದಿಲ್ಲ. ಮೊದಲು ದಪ್ಪ ತಂತಿ, ಅದು ತಣ್ಣಗಾದ ಮೇಲೆ ಸೆನ್ಸ್ ತಂತಿ. ಹಿಂದುಮುಂದಾದರೆ ಎರಡನೇ ಬಿಸಿಗೆ ಸಣ್ಣ ತಂತಿ ಸಡಿಲವಾಗುತ್ತದೆ. ಎರಡು ಸೆನ್ಸ್ ತಂತಿಗಳನ್ನು ಒಂದಕ್ಕೊಂದು ಹೆಣೆದೇ ಮೇಲಕ್ಕೆ ಒಯ್ಯಿರಿ.

ಐರನ್ ಮುಟ್ಟುವ ಮುನ್ನ ಬ್ಯಾಟರಿ ತೆಗೆದಿದ್ದರೆ ಸಾಲದು. ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಬ್ಯಾಟರಿ ಬಿಚ್ಚಿ, ಲೈಟ್ ಹಾಕಿ ಥ್ರಾಟಲ್ ಹಿಡಿದು ಅದನ್ನು ಇಳಿಸಿ, ಮಲ್ಟಿಮೀಟರ್‌ನಲ್ಲಿ ನೋಡಿ, ನಂತರವೇ ಕತ್ತರಿ. ಬ್ಯಾಟರಿ ಕಡೆಯ ಪ್ಲಸ್ ಮತ್ತು ಮೈನಸ್ ತಂತಿಗಳನ್ನು ಒಂದೇ ಸಲ ಕತ್ತರಿಯ ಬಾಯಿಗೆ ಎಂದೂ ಕೊಡಬೇಡಿ.

ಇನ್ನು ವೋಲ್ಟೇಜ್. '48 ವೋಲ್ಟ್' ಬ್ಯಾಟರಿ ಪೂರ್ತಿ ತುಂಬಿದಾಗ 48 ಇರುವುದಿಲ್ಲ. ಪ್ರತಿ ಸೆಲ್ 4.2 ವೋಲ್ಟ್‌ಗೆ ತುಂಬುವ ಲಿಥಿಯಂ-ಅಯಾನ್ ಪ್ಯಾಕ್ ಆದರೆ 13 ಸೆಲ್ ಸಾಲು 54.6, 14 ಸೆಲ್ ಸಾಲು 58.8, '60 ವೋಲ್ಟ್' ಎಂದು ಮಾರುವ 16 ಸೆಲ್ ಸಾಲು 67.2 ವೋಲ್ಟ್. ಮೀಟರ್‌ನ ಮಿತಿ 60 ವೋಲ್ಟ್ ಆಗಿದ್ದರೆ 16ಕ್ಕೆ ಖಂಡಿತ ಆಗದು. ಬ್ರೇಕ್ ಹಿಡಿದಾಗ ಚಾರ್ಜ್ ಹಿಂದಿರುಗಿಸುವ ಬೈಕಾದರೆ 14ಕ್ಕೂ ನಾನು ಒಪ್ಪುವುದಿಲ್ಲ, ಇಳಿಜಾರಿನಲ್ಲಿ ವೋಲ್ಟೇಜ್ ಇನ್ನೂ ಏರುತ್ತದೆ. ಅಂಥ ಬೈಕ್‌ಗೆ ಮೀಟರ್ ಎರಡೂ ದಿಕ್ಕಿನ ಕರೆಂಟ್ ಎಣಿಸುವಂಥದ್ದಿರಬೇಕು. ಇಲ್ಲದಿದ್ದರೆ ಹಿಂದಿರುಗಿದ ಚಾರ್ಜ್ ಲೆಕ್ಕಕ್ಕೇ ಬರುವುದಿಲ್ಲ. ಮೀಟರ್‌ಗೆ ಹೋಗುವ ಪ್ಲಸ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಹ್ಯಾಂಡಲ್ ತಿರುಗುವ ಕಡೆ ಆ ತಂತಿಯ ಸಿಪ್ಪೆ ಸವೆದು ಫ್ರೇಮ್‌ಗೆ ತಾಗುವುದು ಹೊಸದಲ್ಲ.

ಮೈನಸ್ ಕಡೆಯ ನಿಯಮ ಒಂದೇ: ಬ್ಯಾಟರಿಗೆ ಹಿಂದಿರುಗುವ ಎಲ್ಲಾ ಕರೆಂಟ್ ಶಂಟ್ ದಾಟಿಯೇ ಹೋಗಬೇಕು. ಬ್ಯಾಟರಿಯ ವೋಲ್ಟೇಜನ್ನು ಲೈಟ್‌ಗೆ ತಕ್ಕಂತೆ ಇಳಿಸುವ ಡಿಸಿ ಕನ್ವರ್ಟರ್‌ನ ಮೈನಸ್ ನೇರ ಬ್ಯಾಟರಿಗೆ ಹೋದರೆ ಲೈಟ್ ಲೆಕ್ಕ ತಪ್ಪುತ್ತದೆ, ಅದು ಸಣ್ಣ ವಿಷಯ. ಥ್ರಾಟಲ್ ತಂತಿಯ ಮೂಲಕ ಕಂಟ್ರೋಲರ್‌ನ ಗ್ರೌಂಡ್‌ಗೂ, ಅಂದರೆ ಮೈನಸ್‌ಗೂ, ಸೇರುವ ಮೀಟರ್‌ಗಳಲ್ಲಿ ಅಪಾಯ ದೊಡ್ಡದು. ಓಡುವಾಗ ಶಂಟ್‌ನ ದಪ್ಪ ಕೀಲು ಬಿಟ್ಟುಕೊಂಡರೆ ಮೋಟರ್‌ನ ಇಡೀ ಕರೆಂಟ್ ಆ ಎಳೆಯಂಥ ಗ್ರೌಂಡ್ ತಂತಿಯಲ್ಲಿ ದಾರಿ ಹುಡುಕುತ್ತದೆ. ತಂತಿ ಕರಗುತ್ತದೆ, ಜೊತೆಗೆ ಮೀಟರ್ ಬೋರ್ಡೂ ಹೋಗುತ್ತದೆ. ಮೀಟರ್ ಸುಟ್ಟು ಬಂದಾಗ ಮೊದಲು ನೋಡಬೇಕಾದದ್ದು ಮೀಟರನ್ನಲ್ಲ, ಮೈನಸ್ ಕೀಲನ್ನು. ಕೀಲು ಎಳೆದು ನೋಡಿ, ಬಾಗಿಸಿ ನೋಡಿ, ಭಾರ ಅದರ ಮೇಲೆ ಬೀಳದಂತೆ ತಂತಿಯನ್ನು ಎರಡೂ ಬದಿ ಫ್ರೇಮ್‌ಗೆ ಕಟ್ಟಿ.

ಕನೆಕ್ಟರ್ ಜೋಡಿಸುವಾಗ ಬರುವ ಕಿಡಿ ಕೆಪಾಸಿಟರ್‌ಗಳು ಒಮ್ಮೆಲೇ ತುಂಬುವುದರಿಂದ ಬರುತ್ತದೆ. ದಿನವೂ ಕಿಡಿ ಹಾರಿದರೆ ಸಂಪರ್ಕದ ಮೈ ಕುಳಿ ಬಿದ್ದು ರೋಧ ಏರುತ್ತದೆ. ಕಿಡಿ ತಡೆಯುವ ಎಕ್ಸ್‌ಟಿ90-ಎಸ್ ಕನೆಕ್ಟರ್ ಹಾಕಿ, ಇಲ್ಲವೇ 100 ಓಮ್ ರೆಸಿಸ್ಟರ್ ಮೂಲಕ ಒಂದು ಸೆಕೆಂಡ್ ಮುಟ್ಟಿಸಿ ನಂತರ ಜೋಡಿಸಿ.

ಸ್ಪೀಡ್‌ಗೆ ಬಂದರೆ, ಚಕ್ರದ ನಡುವೆ ಕೂರುವ ಹಬ್ ಮೋಟರ್‌ನಲ್ಲಿ ಗೇರ್ ಇಲ್ಲದಿದ್ದರೆ, ಒಳಗಿನ ಅಯಸ್ಕಾಂತಗಳು ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್‌ನ ಸಿಗ್ನಲ್ಲೇ ಸಾಕು. 46 ಅಯಸ್ಕಾಂತಗಳ ಮೋಟರ್ ಒಂದು ಸುತ್ತಿಗೆ 23 ಪಲ್ಸ್ ಕೊಡುತ್ತದೆ, ಆ ಸಂಖ್ಯೆಯನ್ನು ಸೆಟಪ್‌ನಲ್ಲಿ ಹಾಕಿದರಾಯಿತು. ಗೇರ್ ಇರುವ ಹಬ್‌ನಲ್ಲಿ ಇದು ನಡೆಯದು. ಥ್ರಾಟಲ್ ಬಿಟ್ಟಾಗ ಒಳಗಿನ ಮೋಟರ್ ನಿಲ್ಲುತ್ತದೆ, ಚಕ್ರ ಓಡುತ್ತಲೇ ಇರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಅಲ್ಲಿ ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚಿಕೊಳ್ಳುವ ರೀಡ್ ಸ್ವಿಚ್ ಮತ್ತು ಸ್ಪೋಕ್‌ಗೆ ಕಟ್ಟುವ ಅಯಸ್ಕಾಂತವೇ ಗತಿ. ಅಂತರ 3 ಮಿಲಿಮೀಟರ್ ಆಸುಪಾಸು ಇರಲಿ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ, ಮಲ್ಟಿಮೀಟರ್‌ನ ಬೀಪ್ ಕೇಳಿ. ಒಂದು ಸುತ್ತಿಗೆ ಒಂದೇ ಬೀಪ್ ಬರಬೇಕು. ಎರಡು ಮೂರು ಬಂದರೆ ಅಯಸ್ಕಾಂತ ಸ್ವಿಚ್‌ನ ಉದ್ದಕ್ಕೆ ಸಮಾನಾಂತರವಾಗಿ ಜಾರುತ್ತಿದೆ. ಸೆನ್ಸರನ್ನು ತಿರುಗಿಸಿ, ಅಡ್ಡ ಹಾಯುವಂತೆ ಮಾಡಿ. ನಿಂತ ಬೈಕ್‌ನಲ್ಲಿ ಥ್ರಾಟಲ್ ತಿರುಚಿದೊಡನೆ 90 ಕಿಲೋಮೀಟರ್ ವೇಗ ಮಿಂಚಿದರೆ ಸೆನ್ಸರ್ ತಂತಿ ಮೋಟರ್‌ನ ಮೂರು ದಪ್ಪ ಫೇಸ್ ತಂತಿಗಳಿಗೆ ಅಂಟಿಕೊಂಡೇ ಸಾಗಿದೆ ಎಂದರ್ಥ. ದೂರ ಒಯ್ಯಿರಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಚಕ್ರದ ಸುತ್ತಳತೆಯನ್ನು ಪಟ್ಟಿ ನೋಡಿ ಹಾಕುವುದಕ್ಕಿಂತ ಅಳೆಯುವುದು ಲೇಸು. ಟೈರ್‌ಗೆ ಸರಿಯಾಗಿ ಗಾಳಿ ತುಂಬಿ, ವಾಲ್ವ್ ಕೆಳಗೆ ಬಂದಾಗ ನೆಲದ ಮೇಲೆ ಗುರುತು ಹಾಕಿ, ಸವಾರ ಮೇಲೆ ಕೂತೇ ಮೂರು ಸುತ್ತು ಉರುಳಿಸಿ, ಬಂದ ಅಳತೆಯನ್ನು 3ರಿಂದ ಭಾಗಿಸಿ. 26 ಇಂಚಿನ ಚಕ್ರಕ್ಕೆ 2 ಇಂಚಿನ ಟೈರ್ ಇದ್ದರೆ 2050 ಮಿಲಿಮೀಟರ್ ಆಚೀಚೆ ಬರುತ್ತದೆ. 20 ಮಿಲಿಮೀಟರ್ ತಪ್ಪಿದರೆ 50 ಕಿಲೋಮೀಟರ್‌ಗೆ ಅರ್ಧ ಕಿಲೋಮೀಟರ್ ತಪ್ಪುತ್ತದೆ.

ಕರೆಂಟ್ ತಾಳೆ ನೋಡಲು ಚಕ್ರವನ್ನು ಸ್ಟ್ಯಾಂಡ್ ಮೇಲೆ ಎತ್ತಿ ತಿರುಗಿಸುವುದು ಉಪಯೋಗವಿಲ್ಲ. ಭಾರವಿಲ್ಲದೆ ಹರಿಯುವುದು ಒಂದೆರಡು ಆಂಪಿಯರ್, ಅದರಲ್ಲಿ ಏನೂ ಹರಿಯದಾಗಲೂ ಮೀಟರ್ ತೋರಿಸುವ ಸೊನ್ನೆಯ ತಪ್ಪೇ ದೊಡ್ಡದಾಗಿ ಕಾಣುತ್ತದೆ. ಮೊದಲು ಏನೂ ಹರಿಯದಾಗ ಮೀಟರನ್ನು ಸೊನ್ನೆಗೆ ತನ್ನಿ. ನಂತರ ಕಂಟ್ರೋಲರ್ ಜಾಗದಲ್ಲಿ 12 ವೋಲ್ಟ್, 50 ವ್ಯಾಟ್‌ನ ನಾಲ್ಕು ಹ್ಯಾಲೊಜೆನ್ ಬಲ್ಬ್‌ಗಳ ಸಾಲು ಕಟ್ಟಿ, ಅಂಥ ಎರಡು ಸಾಲುಗಳನ್ನು ಪಕ್ಕಪಕ್ಕ ಸೇರಿಸಿ. 48 ವೋಲ್ಟ್‌ಗೆ 8.3 ಆಂಪಿಯರ್ ಸ್ಥಿರವಾಗಿ ಹರಿಯುತ್ತದೆ, ಮಲ್ಟಿಮೀಟರ್‌ನ 10 ಆಂಪಿಯರ್ ಮಿತಿಯೊಳಗೆ. ಆ ರೇಂಜ್‌ನಲ್ಲಿ ಕೆಲವೇ ಸೆಕೆಂಡ್ ಅಳೆದು ತೆಗೆಯಿರಿ, ಬಲ್ಬ್ ಮುಟ್ಟಬೇಡಿ. ಮೀಟರ್ 8.8 ತೋರಿಸಿ ನಿಜ 8.3 ಇದ್ದರೆ, ಸೆಟಪ್‌ನ ಶಂಟ್ ಬೆಲೆಯನ್ನು 8.8ರಿಂದ ಗುಣಿಸಿ 8.3ರಿಂದ ಭಾಗಿಸಿ: 1.000 ಇದ್ದದ್ದು 1.060 ಆಗುತ್ತದೆ. ಆ ಬೆಲೆಯನ್ನೂ ಸುತ್ತಳತೆಯನ್ನೂ ಬರೆದು ಮೀಟರ್ ಹಿಂದೆ ಅಂಟಿಸಿ, ರಿಸೆಟ್ ಆದರೆ ಎರಡೂ ಹೋಗುತ್ತವೆ.

ಇಷ್ಟು ಸರಿಯಾದ ಮೇಲೆ ಮೀಟರ್ ಬ್ಯಾಟರಿಯ ಆರೋಗ್ಯವನ್ನೂ ಹೇಳತೊಡಗುತ್ತದೆ. 2 ಆಂಪಿಯರ್‌ನಲ್ಲಿ 52.1 ವೋಲ್ಟ್, ಥ್ರಾಟಲ್ ಕೊಟ್ಟು 22 ಆಂಪಿಯರ್ ಆದಾಗ 49.1 ಎಂದಿಟ್ಟುಕೊಳ್ಳಿ. 20 ಆಂಪಿಯರ್‌ಗೆ 3 ವೋಲ್ಟ್ ಕುಸಿತ, ಅಂದರೆ ಒಟ್ಟು ರೋಧ 150 ಮಿಲಿಓಮ್. 22 ಆಂಪಿಯರ್‌ನಲ್ಲಿ ಸುಮಾರು 73 ವ್ಯಾಟ್ ಬರೀ ಶಾಖವಾಗುತ್ತಿದೆ. ಮೊದಲ ದಿನವೇ ಇದನ್ನು ಬರೆದಿಡಿ. ಚಳಿಯಲ್ಲಿ ಸ್ವಲ್ಪ ಏರುವುದು ಸಹಜ. ಅದೇ ಹವೆಯಲ್ಲಿ, ಅಷ್ಟೇ ಚಾರ್ಜ್‌ನಲ್ಲಿ 250ಕ್ಕೆ ಜಿಗಿದಿದ್ದರೆ ಸೆಲ್‌ಗಳನ್ನು ದೂರುವ ಮುನ್ನ ಏರು ಹತ್ತಿಸಿ ನಿಲ್ಲಿಸಿ ಕನೆಕ್ಟರ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿಯಿರುವ ಕನೆಕ್ಟರ್ ಸಿಕ್ಕರೆ ಬದಲಿಸಿ, ಮತ್ತೆ ಅಳೆಯಿರಿ. ಎಲ್ಲವೂ ತಣ್ಣಗಿದ್ದರೆ ಪ್ಯಾಕ್ ಬಿಚ್ಚಿ ಸೆಲ್ ಗುಂಪುಗಳ ವೋಲ್ಟೇಜ್ ಒಂದೊಂದಾಗಿ ನೋಡುವ ಸಮಯ ಬಂದಿದೆ.