ಋಷಿಕುಲ್ಯಾಕ್ಕೆ ಕಡಲಾಮೆ ನೋಡಲು ಹೋಗುವವರಿಗೆ: ಟಿಕೆಟ್‌ಗಿಂತ ಮೊದಲು ಗಾಳಿ ನೋಡಿ

ಒಡಿಶಾದ ಋಷಿಕುಲ್ಯಾ ಅಳಿವೆಯಲ್ಲಿ ಲಕ್ಷಗಟ್ಟಲೆ ಆಲಿವ್ ರಿಡ್ಲೆ ಆಮೆಗಳು ಒಟ್ಟಿಗೆ ದಡಕ್ಕೆ ಬಂದು ಮೊಟ್ಟೆ ಇಡುವ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ, "ಯಾವ ತಾರೀಕಿಗೆ ಹೋಗಬೇಕು?" ಆ ತಾರೀಕು ಯಾರಿಗೂ ಗೊತ್ತಿರುವುದಿಲ್ಲ. ಅರಣ್ಯ ಇಲಾಖೆಗೂ ಗೊತ್ತಿರುವುದಿಲ್ಲ, ತಲೆತಲಾಂತರದಿಂದ ಅಲ್ಲೇ ಬಲೆ ಬೀಸುವ ಮೀನುಗಾರರಿಗೂ ಗೊತ್ತಿರುವುದಿಲ್ಲ. ಮೂರು ತಿಂಗಳ ಮುಂಚೆ ರಜೆ ಹಾಕಿ, ಹೋಟೆಲ್ ಬುಕ್ ಮಾಡಿ, ಮನೆ ಮಂದಿಯನ್ನೆಲ್ಲ ಹೊರಡಿಸಿಕೊಂಡು ಹೋಗುವ ಪ್ರವಾಸ ಇದಲ್ಲ. ಆಮೆಯ ಮೈಯೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಯಾವಾಗ ಹೊರಡಬೇಕು, ಅಲ್ಲಿ ಹೇಗೆ ನಿಲ್ಲಬೇಕು ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ. ಅದಕ್ಕೇ ಇಲ್ಲಿ ರೈಲು, ರೂಮಿನ ಮಾತಿಗಿಂತ ಮೊಟ್ಟೆಯ ಮಾತು ಜಾಸ್ತಿ ಇದೆ.

ಆಮೆಗಳು ನವೆಂಬರ್ ಹೊತ್ತಿಗೇ ಅಳಿವೆಯ ಎದುರಿನ ಸಮುದ್ರದಲ್ಲಿ ಸೇರತೊಡಗುತ್ತವೆ. ಗಂಡು ಹೆಣ್ಣು ಕೂಡುವುದು ನೀರಿನಲ್ಲೇ. ಗಂಡಿನ ಮುಂಗಾಲಲ್ಲಿ ಬಾಗಿದ ಉಗುರು ಇರುತ್ತದೆ, ಅದರಿಂದ ಹೆಣ್ಣಿನ ಚಿಪ್ಪಿನ ಅಂಚನ್ನು ಕಚ್ಚಿ ಹಿಡಿದು ಗಂಟೆಗಟ್ಟಲೆ ಬೆನ್ನ ಮೇಲೇ ಇರುತ್ತದೆ. ಬಾಲವೂ ಹೆಣ್ಣಿನದಕ್ಕಿಂತ ತುಂಬಾ ಉದ್ದ ಮತ್ತು ದಪ್ಪ. ಇದನ್ನು ನೋಡುವ ಆಸೆಯಿಂದ ದೋಣಿ ಕೇಳಲು ಹೋಗಬೇಡಿ. ನವೆಂಬರ್ 1ರಿಂದ ಮೇ 31ರವರೆಗೆ ಧಾಮ್ರಾ, ದೇವಿ, ಋಷಿಕುಲ್ಯಾ ಅಳಿವೆಗಳ ಎದುರು 20 ಕಿಲೋಮೀಟರ್ ದೂರದವರೆಗೆ ಮೀನುಗಾರಿಕೆಯೇ ನಿಷೇಧ. "ಸುಮ್ನೆ ಒಂದು ರೌಂಡ್ ತೋರಿಸಿಕೊಂಡು ಬರುತ್ತೇನೆ" ಅಂತ ಯಾರಾದರೂ ಕರೆದರೂ ಬೇಡ ಅನ್ನಿ. ಈ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ ಇದಕ್ಕೂ ಇದೆ. ಸಿಕ್ಕಿಬಿದ್ದರೆ ಕೇಸು ಸಣ್ಣದಾಗಿರುವುದಿಲ್ಲ.

ಕೂಡಿದ ಮೇಲೆ ಗಂಡುಗಳು ಹೊರಟುಹೋಗುತ್ತವೆ, ದಡಕ್ಕೆ ಬರುವುದೆಲ್ಲ ಹೆಣ್ಣುಗಳೇ. ಹೆಣ್ಣು ವೀರ್ಯವನ್ನು ಮೈಯೊಳಗೇ ಕೂಡಿಟ್ಟುಕೊಳ್ಳಬಲ್ಲದು. ಹಾಗಾಗಿ ಅದೇ ಋತುವಿನಲ್ಲಿ ಎರಡನೇ ಸಲ ಮೊಟ್ಟೆ ಇಡಲು ಮತ್ತೆ ಗಂಡು ಬೇಕಾಗಿಲ್ಲ. ಒಂದೇ ಗೂಡಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದೂ ಉಂಟು. ಇಂಥ ಸಾಮೂಹಿಕ ಗೂಡುಗಳಲ್ಲಿ ಅದು ಇನ್ನೂ ಜಾಸ್ತಿ, ಅಷ್ಟೊಂದು ಆಮೆಗಳು ಒಂದೇ ಕಡೆ ಸೇರಿದ ಮೇಲೆ ಸಹಜ ಅಲ್ವಾ?

ತಾರೀಕು ಯಾಕೆ ಹೇಳಲಾಗುವುದಿಲ್ಲ ಅನ್ನುವುದಕ್ಕೆ ಕಾರಣ ಹೆಣ್ಣಿನ ಹೊಟ್ಟೆಯಲ್ಲೇ ಇದೆ. ಅಂಡನಾಳದಲ್ಲಿ ಮೊಟ್ಟೆಗೆ ಚಿಪ್ಪು ಕಟ್ಟುತ್ತದೆ, ಒಳಗೆ ಭ್ರೂಣ ಸ್ವಲ್ಪ ಬೆಳೆಯುತ್ತದೆ, ಆಮೇಲೆ ಆಮ್ಲಜನಕ ಸಾಲದೆ ಬೆಳವಣಿಗೆ ಅಲ್ಲಿಗೇ ನಿಂತುಬಿಡುತ್ತದೆ. ಮೊಟ್ಟೆ ಹೊರಬಂದು ಗಾಳಿ ತಾಗಿದ ಮೇಲಷ್ಟೇ ಮುಂದುವರಿಯುತ್ತದೆ. ಕಡಲಾಮೆಗಳಲ್ಲೆಲ್ಲ ಇದು ಇದ್ದದ್ದೇ, ಆದರೆ ರಿಡ್ಲೆ ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ಒಂಟಿಯಾಗಿ ಮೊಟ್ಟೆ ಇಡುವ ಆಮೆ ಸುಮಾರು ಎರಡು ವಾರಕ್ಕೆ ಮತ್ತೆ ದಡಕ್ಕೆ ಬರುತ್ತದೆ, ಗುಂಪಿನಲ್ಲಿ ಇಡುವುದು ತಿಂಗಳ ಹತ್ತಿರದವರೆಗೂ ಕಾಯುತ್ತದೆ. ಮೊಟ್ಟೆ ತಯಾರಿದ್ದರೂ ಹೊಟ್ಟೆಯಲ್ಲೇ ಇಟ್ಟುಕೊಂಡು, ಉಳಿದವುಗಳ ಜೊತೆ ಬರಲು ದಡದ ಹತ್ತಿರವೇ ನೀರಿನಲ್ಲಿ ಇರುತ್ತದೆ. ಯಾವುದಕ್ಕಾಗಿ ಕಾಯುತ್ತದೆ? ಊರವರು ಹೇಳುವುದು ತೆಂಕಣ ಗಾಳಿಗೆ. ದಕ್ಷಿಣದಿಂದ ಗಾಳಿ ಜೋರಾಗಿ ಬೀಸತೊಡಗಿತು ಅಂದರೆ ಅವರು ರಾತ್ರಿ ದಡದ ಕಡೆ ಒಂದು ಕಣ್ಣಿಟ್ಟಿರುತ್ತಾರೆ.

ಸಾಮಾನ್ಯವಾಗಿ ಇದು ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯೊಳಗೆ ಆಗುತ್ತದೆ. ಆಗಲೇಬೇಕು ಅಂತೇನೂ ಇಲ್ಲ. 2023ರಲ್ಲಿ ಋಷಿಕುಲ್ಯಾದಲ್ಲಿ 6 ಲಕ್ಷಕ್ಕೂ ಹೆಚ್ಚು ಆಮೆಗಳು ಬಂದವು. 2024ರಲ್ಲಿ ಸಾಮೂಹಿಕವಾಗಿ ಬರಲೇ ಇಲ್ಲ. 2025ರಲ್ಲಿ ಫೆಬ್ರವರಿ ಎರಡನೇ ಭಾಗದಲ್ಲೇ ಶುರುವಾಗಿ 7 ಲಕ್ಷದ ಹತ್ತಿರ ಹೋಯಿತು. 2024ರಲ್ಲಿ ಟಿಕೆಟ್ ಮಾಡಿಸಿದವರ ಪಾಡು ಯೋಚಿಸಿ. ಹಾಗಾಗಿ ಫೆಬ್ರವರಿ ಶುರುವಾದ ಕೂಡಲೇ ಗಂಜಾಂ ಜಿಲ್ಲೆಯ ಸುದ್ದಿ ನೋಡುತ್ತಿರಿ, ಬ್ರಹ್ಮಪುರ ಅರಣ್ಯ ವಿಭಾಗದವರನ್ನು ವಿಚಾರಿಸಿ, ಶುರುವಾಯಿತು ಅಂದ ಕೂಡಲೇ ಹೊರಡಿ. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಕೆಲವು ದಿನ, ಕೆಲವೊಮ್ಮೆ ವಾರದವರೆಗೂ ನಡೆಯುತ್ತದೆ, ಹಾಗಾಗಿ ಸುದ್ದಿ ಕೇಳಿ ಹೊರಟರೂ ಸಮಯ ಸಿಗುತ್ತದೆ.

ಒಡಿಶಾದಲ್ಲಿ ಇಂಥ ಜಾಗ ಮೂರಿವೆ: ಗಹಿರಮಥಾ, ದೇವಿ ಅಳಿವೆ, ಋಷಿಕುಲ್ಯಾ. ಗಹಿರಮಥಾ ಹೆಸರು ದೊಡ್ಡದು, 1997ರಲ್ಲಿ ಅದನ್ನು ಸಮುದ್ರ ಅಭಯಾರಣ್ಯ ಅಂತ ಘೋಷಿಸಿದ್ದಾರೆ. ಆದರೆ ಆಮೆಗಳು ಬರುವ ದ್ವೀಪ ಕ್ಷಿಪಣಿ ಪರೀಕ್ಷೆ ನಡೆಯುವ ಕಲಾಂ ದ್ವೀಪದ ಪಕ್ಕದಲ್ಲಿದೆ, ಪ್ರವಾಸಿಗರನ್ನು ಬಿಡುವುದಿಲ್ಲ. ದೇವಿಯಲ್ಲಿ ಸಾಮೂಹಿಕವಾಗಿ ಬರುವುದು ತುಂಬಾ ಅಪರೂಪವಾಗಿದೆ. ಉಳಿದದ್ದು ಋಷಿಕುಲ್ಯಾ. ಇದು ಹೊರಗಿನವರಿಗೆ ಗೊತ್ತಾಗಿದ್ದೇ 1994ರಲ್ಲಿ, ಭಾರತೀಯ ವನ್ಯಜೀವಿ ಸಂಸ್ಥೆಯ ಬಿವಾಶ್ ಪಾಂಡವ್ ಅವರಿಂದ. ಹೆದ್ದಾರಿಗೆ ಹತ್ತಿರ ಇದೆ, ದಡದ ಹಿಂದೆ ಗಾಳಿ ಮರಗಳ ತೋಪು, ಅದರಾಚೆ ಪುರುಣಬಂಧ, ಗೋಖರಕುಡಾ, ಪೊಡಂಪೇಟ ಅಂತ ಮೀನುಗಾರರ ಹಳ್ಳಿಗಳು.

ಹೋಗುವುದು ಕಷ್ಟವಿಲ್ಲ. ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಬ್ರಹ್ಮಪುರದಲ್ಲಿ ನಿಲ್ಲುತ್ತದೆ, ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ತುರ್ತಾಗಿ ಹೊರಡಬೇಕಾಗುವುದರಿಂದ ರೈಲಿನಲ್ಲಿ ಸೀಟು ಸಿಗುವುದು ಅನುಮಾನ, ಭುವನೇಶ್ವರಕ್ಕೆ ವಿಮಾನ ಹಿಡಿದು ಅಲ್ಲಿಂದ ಹೆದ್ದಾರಿ 16ರಲ್ಲಿ ಕಾರು ಮಾಡಿಕೊಂಡು ಮೂರು ಗಂಟೆಯ ದಾರಿ ಬಂದರೆ ಸುಲಭ. ಉಳಿಯಲು ಬ್ರಹ್ಮಪುರ, ಗೋಪಾಲಪುರ ಬೀಚು, ಇಲ್ಲ ಚಿಲಿಕಾ ದಡದ ರಂಭಾ. ಮೂರರಲ್ಲಿ ರಂಭಾ ನನಗೆ ಇಷ್ಟ, ಹಗಲಲ್ಲಿ ಸರೋವರವೂ ಆಗುತ್ತದೆ. ಎಲ್ಲಿ ಉಳಿದರೂ ರಾತ್ರಿಗೆ ಗಾಡಿ ಮತ್ತು ಚಾಲಕ ನಿಮ್ಮ ಜೊತೆಗೇ ಇರಬೇಕು. ಮಧ್ಯರಾತ್ರಿ ದಡದಿಂದ ವಾಪಸ್ ಬರಲು ಅಲ್ಲಿ ಆಟೋ ಹುಡುಕುವುದು ಆಗದ ಮಾತು.

ಈಗ ದಡದ ವಿಷಯ. ಎಷ್ಟು ಹತ್ತಿರ ಬಿಡುತ್ತಾರೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಜನ ಹೆಚ್ಚಾದಷ್ಟೂ ಬಿಗಿ. ಬೇಲಿಯ ಆಚೆಯಿಂದ ನೋಡಿ ಅಂದರೆ ಆಚೆಯಿಂದಲೇ ನೋಡಿ, ವಾದ ಬೇಡ. ಹತ್ತಿರ ಬಿಟ್ಟರೆ ಕಾವಲಿನವರು ಹೇಳಿದ ಕಡೆ ಮಾತ್ರ ಹೆಜ್ಜೆ ಇಡಿ, ಯಾಕೆಂದರೆ ಕಾಲಡಿಯ ಮರಳಲ್ಲಿ ಮೊಟ್ಟೆ ಇರಬಹುದು.

ಆಮೆ ನೀರಿನಿಂದ ಮೇಲೆ ಬರುವಾಗ ತುಂಬಾ ಪುಕ್ಕಲು. ಸಣ್ಣ ಬೆಳಕು, ಎದುರಿಗೆ ಯಾರೋ ಎದ್ದು ನಿಂತದ್ದು, ಇಷ್ಟು ಸಾಕು ತಿರುಗಿ ಹೋಗಲು. ಗುಂಪಿನಲ್ಲಿ ಬಂದವು ಒಂಟಿ ಆಮೆಗಿಂತ ಸ್ವಲ್ಪ ಧೈರ್ಯಸ್ಥರು, ಆದರೂ ಅದನ್ನೇ ನೆಪ ಮಾಡಿಕೊಳ್ಳಬಾರದು. ಜಾಗ ಆರಿಸಿಕೊಂಡ ಮೇಲೆ ಹಿಂಗಾಲುಗಳಿಂದ, ಒಂದಾದ ಮೇಲೆ ಒಂದರಂತೆ, ಒಂದೂವರೆ ಅಡಿ ಆಳದ ಗುಂಡಿ ತೋಡುತ್ತದೆ. ತಾನು ತೋಡುವುದನ್ನು ಅದು ನೋಡುವುದೇ ಇಲ್ಲ, ಎಲ್ಲ ಕಾಲಿನ ಅಂದಾಜಿನಲ್ಲೇ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದಕ್ಕೆ ಸುತ್ತಲಿನ ಪರಿವೆ ಇರುವುದಿಲ್ಲ. ನೋಡಬೇಕಾದರೆ ಆಗ, ಹಿಂದಿನಿಂದ, ಕೆಂಪು ಕಾಗದ ಸುತ್ತಿದ ಟಾರ್ಚಿನಲ್ಲಿ, ಅದೂ ಕಾವಲಿನವರು ಒಪ್ಪಿದರೆ. ಬಿಳಿ ಬೆಳಕು, ಫ್ಲ್ಯಾಶ್ ಬೇಡವೇ ಬೇಡ. ಮೊಬೈಲ್ ಪರದೆಯೂ ಬಿಳಿ ಬೆಳಕೇ ಅನ್ನುವುದು ಜನಕ್ಕೆ ಮರೆತುಹೋಗುತ್ತದೆ.

ಮೆತ್ತನೆಯ ಚಿಪ್ಪಿನ ಬಿಳಿ ಗುಂಡು ಮೊಟ್ಟೆಗಳು, ಸುಮಾರು ನೂರು, ಎರಡು ಮೂರು ಒಟ್ಟೊಟ್ಟಿಗೆ ಬೀಳುತ್ತವೆ. ಕಣ್ಣಿನಿಂದ ನೀರು ಸುರಿಯುತ್ತಿರುತ್ತದೆ. ಪಕ್ಕದಲ್ಲಿ ನಿಂತವರು ಯಾರಾದರೂ "ಅಯ್ಯೋ, ಹೆರಿಗೆ ನೋವು ನೋಡ್ರೀ" ಅಂದೇ ಅನ್ನುತ್ತಾರೆ. ಅದು ಅಳುವಲ್ಲ, ಕಣ್ಣಿನ ಹತ್ತಿರದ ಗ್ರಂಥಿ ಮೈಯಲ್ಲಿನ ಹೆಚ್ಚುವರಿ ಉಪ್ಪನ್ನು ಹೊರಹಾಕುವುದು, ನೀರಿನಲ್ಲಿದ್ದಾಗಲೂ ಹಾಕುತ್ತಲೇ ಇರುತ್ತದೆ. ಆಮೇಲೆ ಮರಳು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ದಬದಬ ಅಂತ ಬಡಿಯುತ್ತದೆ, ಗಾರೆಯವರು ನೆಲ ಬಡಿದು ಗಟ್ಟಿ ಮಾಡುವ ಹಾಗೆ. ಇಡೀ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ನೂರಾರು ಆಮೆಗಳು ಒಟ್ಟಿಗೆ ಬಡಿಯುವ ಸದ್ದು ಯಾವ ವಿಡಿಯೋದಲ್ಲೂ ಸರಿಯಾಗಿ ಬಂದಿಲ್ಲ.

ಚಂದ ಮಾತ್ರ ಇರುತ್ತದೆ ಅಂದುಕೊಂಡು ಹೋಗಬೇಡಿ. ಜಾಗ ಕಡಿಮೆ, ಆಮೆ ಜಾಸ್ತಿ. ನಿನ್ನೆಯ ಗೂಡನ್ನು ಇವತ್ತಿನ ಆಮೆ ತೋಡಿ ಹಾಕುತ್ತದೆ. ಬೆಳಗಾಗುವಾಗ ದಡದ ತುಂಬಾ ಒಡೆದ ಮೊಟ್ಟೆ, ಕಾಗೆ, ನಾಯಿ, ಬಿಸಿಲೇರಿದ ಮೇಲೆ ಕೊಳೆತ ವಾಸನೆ. ಒಂದು ಮೂಗುಬಟ್ಟೆ ಇಟ್ಟುಕೊಳ್ಳಿ. ಇಷ್ಟು ಹಾಳಾಗುವುದಾದರೆ ಗುಂಪಿನಲ್ಲಿ ಯಾಕೆ ಬರಬೇಕು ಅಂತ ಅನ್ನಿಸುತ್ತದೆ. ಒಂದೇ ಸಲಕ್ಕೆ ಕೋಟಿಗಟ್ಟಲೆ ಮೊಟ್ಟೆ ಇಟ್ಟರೆ ತಿನ್ನುವವರು ಎಷ್ಟು ತಿಂದರೂ ಮುಗಿಸಲಾರರು, ಅದೇ ಇದರ ಉಪಾಯ. ಸತ್ತ ಆಮೆಗಳೂ ಕಾಣಿಸಬಹುದು. ಕಡಲಾಮೆ ಉಸಿರಾಡಲು ಮೇಲೆ ಬರಲೇಬೇಕು, ಟ್ರಾಲರ್ ಬಲೆಯಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ. ಸಣ್ಣ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಟ್ಟಿರಿ.

ಮರಳಿನಿಂದ ಹೊರಬಿದ್ದ ಮೊಟ್ಟೆಯನ್ನು ಕಂಡು ಪಾಪ ಅನ್ನಿಸಿ ಎತ್ತಿ ಹೂಳಲು ಹೋಗಬೇಡಿ. ಇಟ್ಟು ಕೆಲವು ಗಂಟೆ ಕಳೆದರೆ ಭ್ರೂಣ ಒಳಗಿನ ಪೊರೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಸಾಯುತ್ತದೆ. ಅದು ಕಲಿತವರ ಕೆಲಸ.

ಒಂದೇ ಸಲ ಹೋಗಲು ಸಾಧ್ಯ, ರಜೆಯೂ ಲೆಕ್ಕದಲ್ಲಿ ಸಿಗುತ್ತದೆ ಅನ್ನುವವರಿಗೆ ನಾನು ಹೇಳುವುದೇ ಬೇರೆ: ಮೊಟ್ಟೆ ಇಡುವುದನ್ನು ಬಿಟ್ಟು ಮರಿ ಹೊರಡುವುದನ್ನು ನೋಡಲು ಹೋಗಿ. ಇದಕ್ಕೆ ತಾರೀಕು ಲೆಕ್ಕ ಹಾಕಬಹುದು. ಸಾಮೂಹಿಕವಾಗಿ ಇಟ್ಟ ದಿನ ಸುದ್ದಿಯಲ್ಲಿ ಬರುತ್ತದೆ, ಅದಕ್ಕೆ 45ರಿಂದ 50 ದಿನ ಸೇರಿಸಿ. ಫೆಬ್ರವರಿ ಕೊನೆಯಲ್ಲಿ ಇಟ್ಟರೆ ಏಪ್ರಿಲ್ ಮಧ್ಯದ ಹೊತ್ತು. ಮರಳು ಬಿಸಿಯಿದ್ದರೆ ಸ್ವಲ್ಪ ಬೇಗ, ತಂಪಿದ್ದರೆ ತಡ. ಗಂಡೋ ಹೆಣ್ಣೋ ಅನ್ನುವುದೂ ಮರಳಿನ ಬಿಸಿಯಲ್ಲೇ ತೀರ್ಮಾನವಾಗುತ್ತದೆ. ಕಾವಿನ ನಡುವಿನ ದಿನಗಳಲ್ಲಿ ಸುಮಾರು 30 ಡಿಗ್ರಿಗಿಂತ ಮೇಲೆ ಹೋದರೆ ಹೆಚ್ಚಿನವು ಹೆಣ್ಣು, ಕೆಳಗಿದ್ದರೆ ಗಂಡು. ಬೇಸಿಗೆಗಳು ಹೀಗೇ ಏರುತ್ತಾ ಹೋದರೆ ಗಂಡುಗಳಿಗೆ ಏನು ಗತಿ ಅನ್ನುವ ಚಿಂತೆ ವಿಜ್ಞಾನಿಗಳಿಗೆ ಈಗಾಗಲೇ ಇದೆ.

ಏಪ್ರಿಲ್‌ನಲ್ಲಿ ಗಂಜಾಂ ಸೆಕೆ ಭಯಂಕರ, ಹಗಲು ರೂಮಿನಲ್ಲೇ ಕಳೆಯಿರಿ. ಮರಿಗಳು ಸಾಮಾನ್ಯವಾಗಿ ರಾತ್ರಿ, ಮರಳು ತಣ್ಣಗಾದ ಮೇಲೆ ಹೊರಬರುತ್ತವೆ, ನಸುಕಿನಲ್ಲೂ ಸಾಕಷ್ಟು ಕಾಣಿಸುತ್ತವೆ. ಬೆಳಕು ಎಲ್ಲಿದೆಯೋ ಅತ್ತ ಹೋಗುವುದು ಅವುಗಳ ಸ್ವಭಾವ. ಮನುಷ್ಯರ ದೀಪ ಇಲ್ಲದ ಕಡೆ ಸಮುದ್ರವೇ ಬೆಳಗಿರುತ್ತದೆ, ಆದರೆ ಹೆದ್ದಾರಿ, ಊರು, ಕಾರ್ಖಾನೆ ದೀಪ ಕಂಡರೆ ತಿರುಗಿ ಊರ ಕಡೆ ಹೊರಡುತ್ತವೆ. ಅದಕ್ಕೇ ಊರಿನ ಸ್ವಯಂಸೇವಕರು ದಡದುದ್ದಕ್ಕೂ ಬಲೆ ಕಟ್ಟಿ, ದಾರಿ ತಪ್ಪಿದವನ್ನು ಬಕೆಟ್‌ನಲ್ಲಿ ತಂದು ನೀರಿನ ಹತ್ತಿರ ಬಿಡುತ್ತಾರೆ. ಅವರು ಕರೆದರೆ ಕೈ ಜೋಡಿಸಿ, ಕರೆಯದೆ ಮರಿ ಮುಟ್ಟಬೇಡಿ, ಅಂಗೈ ಮೇಲೆ ಇಟ್ಟುಕೊಂಡು ಸೆಲ್ಫಿ ಅಂತೂ ಬೇಡ. ಸಾವಿರಕ್ಕೆ ಒಂದು ಮರಿ ದೊಡ್ಡದಾಗುತ್ತದೆ ಅನ್ನುತ್ತಾರೆ. ಬದುಕಿದ ಹೆಣ್ಣು ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ಹದಿನೈದು ವರ್ಷ ಬೇಕು.

ಅಷ್ಟು ದೂರ ಆಗುವುದಿಲ್ಲ ಅನ್ನುವವರಿಗೆ ನಮ್ಮ ಕರಾವಳಿಯೇ ಇದೆ. ಹೊನ್ನಾವರದ ಕಾಸರಕೋಡು, ಕುಂದಾಪುರದ ಕಡೆ ಇದೇ ರಿಡ್ಲೆ ಒಂಟಿಯಾಗಿ ಬಂದು ಮೊಟ್ಟೆ ಇಡುತ್ತದೆ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಪೂರ್ವದ ಆಮೆ ಬೇರೆ, ಪಶ್ಚಿಮದ್ದು ಬೇರೆ ಅಂತಲೂ ಗಟ್ಟಿಯಾಗಿ ಹೇಳುವಂತಿಲ್ಲ: 2021ರಲ್ಲಿ ಒಡಿಶಾದಲ್ಲಿ ಟ್ಯಾಗ್ ಹಾಕಿದ ಒಂದು ಹೆಣ್ಣು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರ್ ದಡದಲ್ಲಿ ಮೊಟ್ಟೆ ಇಟ್ಟಿತು. ಇಲ್ಲಿ ಲಕ್ಷಗಟ್ಟಲೆ ಕಾಣುವುದಿಲ್ಲ, ಆಮೆ ಸಿಗುವುದೇ ಅದೃಷ್ಟ, ಆದರೆ ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾಯುವ ಗೂಡುಗಳಿಂದ ಮರಿ ಬಿಡುವ ದಿನ ವಿಚಾರಿಸಿಕೊಂಡು ಹೋದರೆ ನೋಡಬಹುದು. ಲೆಕ್ಕ ಅದೇ, ಇಟ್ಟ ದಿನಕ್ಕೆ ಒಂದೂವರೆ ತಿಂಗಳು ಸೇರಿಸಿ. ಬೆಳಿಗ್ಗೆ ದಡದಲ್ಲಿ ನಡೆಯುವಾಗ ನೀರಿನಿಂದ ಮೇಲೆ ಬಂದು ಮತ್ತೆ ನೀರಿಗೆ ಹೋದ ಅಗಲದ ಜಾಡು ಕಂಡರೆ ಅದರ ಮೇಲೆ ನಡೆಯದೆ, ಮರಳು ಕೆದಕದೆ, ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಜಾಡು ಅಳಿಸಿಹೋದರೆ ಗೂಡು ಎಲ್ಲಿದೆ ಅಂತ ಅವರಿಗೂ ಹುಡುಕುವುದು ಕಷ್ಟ.