ಪ್ರಿಯಸ್‌ಗೆ ಹೊಸ ಬ್ರೇಕ್ ಆಯಿಲ್

ಮೇ 17, 2025, ಶನಿವಾರ
ಫೋಲ್ಸಮ್, ಕ್ಯಾಲಿಫೋರ್ನಿಯಾ

ನಮ್ಮ 2012ರ ಟೊಯೊಟಾ ಪ್ರಿಯಸ್‌ಗೆ ಇವತ್ತು ಮನೆಯಲ್ಲೇ ಬ್ರೇಕ್ ಆಯಿಲ್ ಬದಲಿಸಿದ್ದಾಯಿತು. ಚಕ್ರವನ್ನು ತಡೆದು ನಿಲ್ಲಿಸುವ ಬ್ರೇಕ್ ಪ್ಯಾಡ್‌ಗಳು ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿವೆ. ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಇಂಥ ಹೈಬ್ರಿಡ್ ಕಾರು ಇಟ್ಟುಕೊಂಡವರು ಮೋಸ ಹೋಗುವುದೇ ಇಲ್ಲಿ. ಬ್ರೇಕ್ ಒತ್ತಿದಾಗ ಹೆಚ್ಚಿನ ಕೆಲಸ ಮೋಟರ್ ಮಾಡುತ್ತದೆ, ಕರೆಂಟ್ ಬ್ಯಾಟರಿಗೆ ಹೋಗುತ್ತದೆ, ಪ್ಯಾಡ್ ಅಷ್ಟಾಗಿ ಸವೆಯುವುದಿಲ್ಲ. ಬ್ರೇಕ್ ಚೆನ್ನಾಗಿದೆಯಲ್ಲ, ಬಿಡು ಅಂತ ಸುಮ್ಮನಾಗುತ್ತೇವೆ. ಆಯಿಲ್ ಮಾತ್ರ ಕಾರು ನಿಂತಲ್ಲೇ ನಿಂತರೂ ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ. ಹೋಂಡಾದವರು 3 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ಟೊಯೊಟಾ ಆದರೂ ನಾನು ಅದೇ ಲೆಕ್ಕ ಇಟ್ಟುಕೊಂಡಿದ್ದೇನೆ.

ಇದಕ್ಕೆ ಹಾಕುವುದು ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್. ಹೊಸದು ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. 3.7% ನೀರು ಸೇರಿದರೆ ಆ ಮಿತಿ 140ಕ್ಕೆ ಬಂದುಬಿಡುತ್ತದೆ. ಊರೊಳಗೆ ಓಡಾಡುವವರಿಗೆ ಇದು ಅಷ್ಟು ತಟ್ಟುವುದಿಲ್ಲ. ನಾವು ಆಗಾಗ ಬೆಟ್ಟದ ಮೇಲಿನ ಟಾಹೋ ಸರೋವರದ ಕಡೆ ಹೋಗುವವರು. ವಾಪಸ್ ಬರುವಾಗ ಐ-80 ಹೆದ್ದಾರಿಯಲ್ಲಿ 7,000 ಅಡಿಗೂ ಎತ್ತರದ ಡಾನರ್ ಘಟ್ಟದಿಂದ ಸ್ಯಾಕ್ರಮೆಂಟೊ ಬಯಲಿನವರೆಗೆ ಇಳಿಯುವುದೇ ಇಳಿಯುವುದು. ಸ್ವಲ್ಪ ಹೊತ್ತಿಗೆ ಬ್ಯಾಟರಿ ತುಂಬುತ್ತದೆ. ತುಂಬಿದ ಮೇಲೆ ಮೋಟರ್ ಕೈಕೊಡುತ್ತದೆ. ಇಳಿಜಾರಿಗೆಂದೇ ಇರುವ ‘ಬಿ’ ಗೇರಿಗೆ ಹಾಕಿದರೆ ಎಂಜಿನ್ ಒಂದಿಷ್ಟು ತಡೆಯುತ್ತದೆ, ಉಳಿದದ್ದಕ್ಕೆ ಪ್ಯಾಡೇ ಗತಿ. ಆ ಬಿಸಿಗೆ ಆಯಿಲ್ ಕುದಿದು ಗುಳ್ಳೆ ಎದ್ದರೆ ಕಷ್ಟ, ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಹಳೇ ಕಾರಿನಲ್ಲಾದರೆ ಪೆಡಲ್ ಮೆತ್ತಗಾಗಿ ಕಾಲಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ಪೆಡಲ್ ಕೊಡುವ ಬಿಗಿ ಒಂದು ಸ್ಪ್ರಿಂಗಿನ ಆಟ. ಚಕ್ರದ ಹತ್ತಿರ ಏನಾಗುತ್ತಿದೆ ಅಂತ ಕಾಲಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಕೆಲಸ ಶುರು ಮಾಡುವ ಮುಂಚೆ ಹೆದರಬೇಕಾದ್ದು ಒಂದೇ, ಬ್ರೇಕಿನ ಕರೆಂಟ್ ಪಂಪ್. ಡ್ರೈವರ್ ಬಾಗಿಲು ತೆಗೆದರೆ ಸಾಕು, ಕಾರು ಆನ್ ಮಾಡದಿದ್ದರೂ ಬಾನೆಟ್ ಒಳಗಿಂದ ಗುರ್ರ್ ಅಂತ ಸದ್ದು ಬರುತ್ತದೆ. ಬ್ರೇಕಿಗೆ ಬೇಕಾದ ಒತ್ತಡವನ್ನು ತುಂಬಿಸಿ ಇಟ್ಟುಕೊಳ್ಳುವುದು ಅದರ ಕೆಲಸ. ನಾವು ಸ್ಪ್ಯಾನರ್ ಹಾಕಿದ ಹೊತ್ತಿಗೇ ಅದು ಎದ್ದು ಕೂತರೆ? ಅದಕ್ಕೇ ಲ್ಯಾಪ್‌ಟಾಪ್ ಜೋಡಿಸಿ, ಟೆಕ್‌ಸ್ಟ್ರೀಮ್ ಅನ್ನುವ ಟೊಯೊಟಾದ ತಪಾಸಣೆ ಸಾಫ್ಟ್‌ವೇರ್‌ನಲ್ಲಿ ಗಾಳಿ ತೆಗೆಯುವ ವಿಧಾನಕ್ಕೆ ಹೋಗಿ, ಅದು ಹೇಳಿದ ಹಾಗೆ ಮಾಡಬೇಕು. ಅದಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ಯಾರು ಏನೇ ಹೇಳಲಿ. ಪಂಪ್ ಓಡುವುದು ಡಿಕ್ಕಿಯಲ್ಲಿರುವ 12 ವೋಲ್ಟ್ ಬ್ಯಾಟರಿಯಿಂದ. ಮಧ್ಯದಲ್ಲಿ ಅದು ಕುಸಿಯದಿರಲಿ ಅಂತ ಚಾರ್ಜರ್ ಹಾಕಿಟ್ಟೆ.

ಈ ಆಯಿಲ್ ಪೇಂಟ್ ತಿನ್ನುತ್ತದೆ. ಮಡ್‌ಗಾರ್ಡ್ ಮೇಲೆ ಹಳೇ ಲುಂಗಿ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೆ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದ ಹಳೆಯದನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿದೆ.

ಮುಂದಿನ ಚಕ್ರಗಳದ್ದು ಎಲ್ಲ ಕಾರಿನ ಹಾಗೇ. ನನ್ನವಳು ಡ್ರೈವರ್ ಸೀಟಿನಲ್ಲಿ, ನಾನು ಕೆಳಗೆ. “ಒತ್ತು... ಹಿಡ್ಕೋ... ಬಿಡು.” ಅವಳು ಹಿಡಿದಾಗ ಬ್ಲೀಡರ್, ಅಂದರೆ ಚಕ್ರದ ಹತ್ತಿರ ಆಯಿಲ್ ಹೊರಬಿಡುವ ಸ್ಕ್ರೂ, ಸಡಿಲಿಸಬೇಕು, ಬಿಡುವ ಮುಂಚೆ ಬಿಗಿ ಮಾಡಬೇಕು. ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಬಂದದ್ದು ಹಳೇ ಬೆಲ್ಲದ ಪಾಕದ ಬಣ್ಣ. ಆಮೇಲೆ ಅದರ ಹಿಂದೆಯೇ ತಿಳಿ ಹಳದಿ ಕಾಣಿಸಿತು. ಎರಡೂ ಅಲ್ಲೇ ಬೆರೆಯುವುದಿಲ್ಲ, ನಡುವೆ ಒಂದು ಗೆರೆ ಟ್ಯೂಬಿನೊಳಗೆ ನಿಧಾನಕ್ಕೆ ಮುಂದೆ ಸರಿಯುತ್ತದೆ. ನೋಡೋಕೇ ಚಂದ.

ಹಿಂದಿನ ಚಕ್ರಗಳ ಕಥೆಯೇ ಬೇರೆ. ಪೆಡಲ್ ಒತ್ತಿ ಹಿಡಿದರೆ ಪಂಪೇ ಆಯಿಲ್ ತಳ್ಳುತ್ತದೆ. “ರೀ, ಇದು ನಿಲ್ತಾನೇ ಇಲ್ಲ, ಗುರ್ ಅಂತಾನೇ ಇದೆ” ಅಂತ ಮೇಲಿನಿಂದ ದೂರು. ಇಲ್ಲಿ ಆಯಿಲ್ ತೊಟ್ಟಿಕ್ಕುವುದಿಲ್ಲ, ಧಾರೆಯಾಗಿ ಬರುತ್ತದೆ. ಡಬ್ಬಿ ನೋಡನೋಡುತ್ತಾ ಖಾಲಿಯಾಗುತ್ತದೆ, ಅದರ ಮೇಲೆ ಕಣ್ಣಿಟ್ಟಿರಬೇಕು. ಗಾಳಿ ಒಳಗೆ ಹೊಕ್ಕರೆ ಪಂಪಿನಿಂದಲೇ ಅದನ್ನು ತೆಗೆಯಬೇಕಾಗುತ್ತದೆ, ಅದು ದೊಡ್ಡ ರಾಮಾಯಣ. ಪಂಪೂ ಬಿಸಿಯಾಗುತ್ತದೆ, ಒಂದೇ ಸಮನೆ ಓಡಿಸದೆ ಮಧ್ಯೆ ಪೆಡಲ್ ಬಿಡಬೇಕು.

ಬ್ಲೀಡರ್‌ಗಳಿಗೆ ರಬ್ಬರ್ ಟೋಪಿ ಹಾಕಿ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ, ನಮ್ಮ ಬೀದಿಯಲ್ಲಿ ಮೆಲ್ಲಗೆ ಓಡಿಸಿ ನೋಡಿದೆವು. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ, ದೀಪ ಯಾವುದೂ ಉರಿಯಲಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಇಡುವ ಹಾಗಿಲ್ಲ, ಮುಚ್ಚಳ ತೆಗೆದ ಮೇಲೆ ಅದೂ ನೀರು ಹೀರುತ್ತದೆ. ಅದನ್ನೂ ಹಳೆಯದನ್ನೂ ಬೇರೆಬೇರೆ ಕ್ಯಾನಿನಲ್ಲಿ ಇಟ್ಟಿದ್ದೇನೆ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟು ಬರಬೇಕು.